ಈಫಸ್: ನಿಧಾನವೇ ಅಸ್ತ್ರವಾದ ಎಸೆತ

1941ರ ಡಿಸೆಂಬರ್ 7. ಪರ್ಲ್ ಹಾರ್ಬರ್ ಮೇಲೆ ಬಾಂಬುಗಳು ಬಿದ್ದ ದಿನವೇ, ಫ್ಲಾರಿಡಾದ ಕಾಡಿಗೆ ಬೇಟೆಗೆ ಹೋಗಿದ್ದ ರಿಪ್ ಸೆವೆಲ್‌ನ ಕಾಲುಗಳಿಗೆ ಕೋವಿಯ ಚರೆಗಳು ಹೊಕ್ಕವು. ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡದ ಈ ಎಸೆತಗಾರ, ಅಂದರೆ ಪಿಚರ್‌ಗೆ ಆಗ 34 ವರ್ಷ. ಕಾಲಿನ ಹೆಬ್ಬೆರಳು ಜಖಂ ಆಗಿ, ಎಸೆಯುವ ಶೈಲಿಯನ್ನೇ ಬದಲಿಸಿಕೊಳ್ಳಬೇಕಾಯಿತು. ಬೇರೆ ಯಾರಾದರೂ ಆಟಕ್ಕೇ ಕೈಮುಗಿಯುತ್ತಿದ್ದರೇನೋ.

ಸೆವೆಲ್ ಹೊಸದೊಂದು ಎಸೆತ ಕಂಡುಕೊಂಡ. ಬೇಸ್‌ಬಾಲಿನಲ್ಲಿ ಎಸೆದ ಚೆಂಡು ಸಾಮಾನ್ಯವಾಗಿ ನೆಲಕ್ಕೆ ಪುಟಿಯುವುದಿಲ್ಲ. ವೇಗದ ಎಸೆತ ಅರ್ಧ ಸೆಕೆಂಡಿನೊಳಗೆ ಬ್ಯಾಟರ್‌ನನ್ನು ಮುಟ್ಟುತ್ತದೆ. ಇವನ ಚೆಂಡಾದರೋ ಸುಮಾರು 25 ಅಡಿ ಮೇಲೇರಿ, ಕಮಾನಿನಂತೆ ಬಾಗಿ, ಸಾವಕಾಶವಾಗಿ ಇಳಿಯುತ್ತಿತ್ತು. ಡೆಟ್ರಾಯ್ಟ್‌ನ ಡಿಕ್ ವೇಕ್‌ಫೀಲ್ಡ್ ಬ್ಯಾಟ್ ಬೀಸಲು ಹೋಗಿ, ತಡೆದು, ಮತ್ತೆ ಬೀಸಿ, ಕೊನೆಗೂ ಚೆಂಡಿಗೆ ಬ್ಯಾಟ್ ತಾಗಿಸಲಾಗದೆ ಹೋದ. ಇದೆಂಥ ಎಸೆತ ಎಂಬ ಪ್ರಶ್ನೆ ಬಂದಾಗ ಸಹ ಆಟಗಾರ ಮಾರಿಸ್ ವ್ಯಾನ್ ರೋಬೇಸ್ ‘ಈಫಸ್’ ಎಂದ. ಹಾಗೆಂದರೇನು ಎಂದರೆ, ಏನೂ ಇಲ್ಲ, ಈ ಎಸೆತದಲ್ಲೂ ಏನೂ ಇಲ್ಲ ಎಂಬುದು ಅವನ ವಿವರಣೆ. ಆ ‘ಏನೂ ಇಲ್ಲ’ದ ಬಲದಲ್ಲೇ ಸೆವೆಲ್ 1943 ಮತ್ತು 1944ರಲ್ಲಿ ತಲಾ 21 ಪಂದ್ಯ ಗೆದ್ದ.

1946ರ ಆಲ್ ಸ್ಟಾರ್ ಪಂದ್ಯ ನಡೆದದ್ದು ಬಾಸ್ಟನ್‌ನ ಫೆನ್‌ವೇ ಪಾರ್ಕಿನಲ್ಲಿ. ಸೆವೆಲ್‌ನ ಎದುರಿಗೆ ಬ್ಯಾಟರ್ ಟೆಡ್ ವಿಲಿಯಮ್ಸ್. ಚೆಂಡು ತಾನಾಗಿ ಬರಲೆಂದು ಕಾಯುತ್ತ ನಿಂತರೆ ಕೆಟ್ಟೆ ಎಂದು ಅವನಿಗೆ ಗೊತ್ತಿತ್ತು. ಮುಂದಕ್ಕೆ ನುಗ್ಗಿ ಬೀಸಿದ, ಚೆಂಡು ಗೋಡೆಯಾಚೆ, ಹೋಮ್ ರನ್! ಸೆವೆಲ್‌ನ ಈಫಸ್‌ಗೆ ಬಿದ್ದ ಏಕೈಕ ಹೋಮ್ ರನ್ ಎಂದು ಪ್ರಸಿದ್ಧವಾದದ್ದು ಅದೇ. ಹೊಡೆಯುವಾಗ ತನ್ನ ಕಾಲು ಬ್ಯಾಟರ್ ಗೆರೆಯ ಆಚೆ ಇತ್ತೆಂದು ವಿಲಿಯಮ್ಸ್ ಮುಂದೆ ಒಪ್ಪಿಕೊಂಡ. ನಿಯಮದ ಪ್ರಕಾರ ಅದು ಔಟ್. ನನ್ನ ಮಟ್ಟಿಗೆ, ಈ ಎಸೆತಕ್ಕೆ ಸಿಕ್ಕ ದೊಡ್ಡ ಗೌರವ ಅದು: ಅಂಥ ಮಹಾನ್ ಬ್ಯಾಟರ್ ಕೂಡ ಗೆರೆ ದಾಟಬೇಕಾಯಿತು.

ಅದೇ ಮೈದಾನದಲ್ಲಿ 1975ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ. ಬಾಸ್ಟನ್ 3-0 ಮುಂದಿದ್ದಾಗ ಅದರ ಪಿಚರ್ ಬಿಲ್ ಲೀ ಇಂಥದೇ ಚೆಂಡು ತೇಲಿಬಿಟ್ಟ. ಸಿನ್ಸಿನಾಟಿಯ ಟೋನಿ ಪೆರೆಜ್ ಅದನ್ನು ಗೋಡೆಯಾಚೆ ಅಟ್ಟಿದ. ಬಾಸ್ಟನ್ 4-3ರಿಂದ ಸೋತಿತು.

ಸೆವೆಲ್‌ನ ಎಸೆತಕ್ಕಿಟ್ಟ ಹೆಸರು ಇಂದು ಯಾರೇ ಎಸೆದ ನಿಧಾನದ ಎತ್ತರದ ಚೆಂಡಿಗೂ ಸಲ್ಲುತ್ತದೆ. 2024ರಲ್ಲಿ ಕಾನ್ ಉತ್ಸವದಲ್ಲಿ ಮೊದಲು ತೆರೆಕಂಡ ಕಾರ್ಸನ್ ಲಂಡ್ ನಿರ್ದೇಶನದ ಚಿತ್ರದ ಹೆಸರೂ ‘ಈಫಸ್’. ಅದರಲ್ಲಿ ತಮ್ಮ ಮೈದಾನ ಕಳೆದುಕೊಳ್ಳಲಿರುವ ಹವ್ಯಾಸಿ ಆಟಗಾರರು ಕೊನೆಯ ಪಂದ್ಯವನ್ನು ಮುಗಿಯಗೊಡದೆ ಕತ್ತಲಾದರೂ ಆಡುತ್ತಲೇ ಇರುತ್ತಾರೆ. ಪಿಚರ್ ಆಗಿ ನಡುವೆ ಬಂದು ಹೋಗುವವರು ಸ್ವತಃ ಬಿಲ್ ಲೀ.