ಜಿಂಕೆ ಬೇಟೆಗೆ ಮೊದಲ ಬಿಲ್ಲು: ಕೊಳ್ಳುವ ಮುನ್ನ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲು ಬಾಣದ ಜಿಂಕೆ ಬೇಟೆ ಆರಂಭವಾಗುತ್ತದೆ. ಬಂದೂಕಿನವರ ಸರದಿ ಬರುವುದು ನವೆಂಬರ್ 15ಕ್ಕೆ. ನೆರೆಯ ವಿಸ್ಕಾನ್ಸಿನ್ 1934ರಲ್ಲೇ ಬಿಲ್ಲುಗಾರರಿಗೆ ಪ್ರತ್ಯೇಕ ಅವಧಿ ಕೊಟ್ಟಿತ್ತು. ಓದಿಗೋ ಉದ್ಯೋಗಕ್ಕೋ ಹೋಗಿ ಅಲ್ಲಿ ನೆಲೆಸಿದ ನಮ್ಮ ಮನೆಗಳ ಯುವಕರು ಈ ಕಡೆ ಆಕರ್ಷಿತರಾದರೆ ಆಶ್ಚರ್ಯವಿಲ್ಲ. ಒಂದು ಜಿಂಕೆ ಸಿಕ್ಕರೆ ತಿಂಗಳುಗಟ್ಟಲೆಗಾಗುವ ಮಾಂಸ. ಅದೂ ತಮ್ಮ ಕೈಯಿಂದಲೇ ಹಲಾಲ್ ಆದದ್ದು. ಅಂಥವರಿಗಾಗಿ ಈ ಬರಹ.

ಇಲ್ಲಿರುವವರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆ, ಕಡವೆಗಳ ಬೇಟೆ ಅಪರಾಧ. ಬಂದೂಕಾದರೂ ಸರಿ, ಬಿಲ್ಲಾದರೂ ಸರಿ. ಅಮೆರಿಕದಲ್ಲಿ ಆಯಾ ರಾಜ್ಯವೇ ಬೇಟೆಯ ದಿನ, ಪರವಾನಗಿ ಮತ್ತು ಹೊಡೆಯಬಹುದಾದ ಜಿಂಕೆಗಳ ಸಂಖ್ಯೆಯನ್ನು ಗೊತ್ತುಮಾಡುತ್ತದೆ. ಅಲ್ಲಿಯೂ ಆ ಮಿತಿ ಮೀರಿದರೆ ಶಿಕ್ಷೆ ತಪ್ಪದು.

ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಗಾಲಿಗಳಿರುವ ಕಾಂಪೌಂಡ್ ಬಿಲ್ಲು. ಪೂರ್ತಿ ಎಳೆದ ಮೇಲೆ ಅದರ ಗಾಲಿಗಳೇ ಹೆಚ್ಚಿನ ಭಾರವನ್ನು ಹೊರುತ್ತವೆ. ಕೈಗೆ ಉಳಿಯುವುದು ಸ್ವಲ್ಪವೇ. ಸಾಂಪ್ರದಾಯಿಕ ಬಿಲ್ಲಿನಲ್ಲಿ ಈ ಅನುಕೂಲವಿಲ್ಲ. ನೇರ ತೋಳುಗಳ ಲಾಂಗ್‌ಬೋ ಆಗಲಿ, ತುದಿ ಹಿಂದಕ್ಕೆ ಬಾಗಿದ ರಿಕರ್ವ್ ಆಗಲಿ, ಎಳೆದಷ್ಟೂ ಭಾರ ಏರುತ್ತಲೇ ಹೋಗುತ್ತದೆ. ಗುರಿ ನೋಡುವ ಗಳಿಗೆಯಲ್ಲಿ ಅದಷ್ಟೂ ಮೂರು ಬೆರಳುಗಳ ಮೇಲೆ ನಿಂತಿರುತ್ತದೆ.

ಆದ್ದರಿಂದ ಮೊದಲ ಬಿಲ್ಲಿನ ವಿಷಯದಲ್ಲಿ ಮರ ಯಾವುದು, ಬಣ್ಣ ಯಾವುದು, ಯಾರು ಮಾಡಿದ್ದು ಎಂಬುದೆಲ್ಲ ಆಮೇಲಿನ ಮಾತು. ಮೊದಲು ಕೇಳಬೇಕಾದ್ದು ಎಳೆತದ ಭಾರ ಎಷ್ಟು ಎಂದು. ಬಿಲ್ಲಿನ ಮೇಲೆ ಅದನ್ನು ಪೌಂಡ್‌ಗಳಲ್ಲಿ ಬರೆದಿರುತ್ತಾರೆ. ಹೆದೆಯನ್ನು 28 ಇಂಚು ಎಳೆದಾಗಿನ ಲೆಕ್ಕ ಅದು. ನಿಮ್ಮ ಎಳೆತ 26 ಇಂಚಾದರೆ 45 ಪೌಂಡ್ ಎಂದಿರುವ ಬಿಲ್ಲು ನಿಮ್ಮ ಕೈಯಲ್ಲಿ ಸುಮಾರು 40 ಆಗುತ್ತದೆ. ಒಂದು ಇಂಚಿಗೆ ಎರಡರಿಂದ ಮೂರು ಪೌಂಡ್ ವ್ಯತ್ಯಾಸ. ಹಾಗಾಗಿ ಕೊಳ್ಳುವ ಮೊದಲು ಅಂಗಡಿಯಲ್ಲಿ ಹಗುರವಾದ ಬಿಲ್ಲೊಂದನ್ನು ಎಳೆದು ನಿಮ್ಮ ಎಳೆತವನ್ನು ಅಳೆಸಿಕೊಳ್ಳಿ.

ಹೊಸಬರಲ್ಲಿ, ಅದರಲ್ಲೂ ಜಿಮ್‌ಗೆ ಹೋಗುವ ಹುಡುಗರಲ್ಲಿ, ಒಂದು ಅಭಿಮಾನ ಇರುತ್ತದೆ. 50, 55 ಪೌಂಡ್ ಎಳೆದು ತೋರಿಸಬಲ್ಲೆ ಎಂದು ಅದನ್ನೇ ಕೊಂಡು ತರುತ್ತಾರೆ. ಎಳೆಯುವುದು ಬೇರೆ, ಎಳೆದು ನಿಲ್ಲಿಸುವುದು ಬೇರೆ. ಬಿಲ್ಲಿಗೆ ಬೇಕಾದ ಬೆನ್ನಿನ ಸ್ನಾಯುಗಳನ್ನು ನಾವು ದಿನನಿತ್ಯ ಅಷ್ಟಾಗಿ ಬಳಸುವುದಿಲ್ಲ. ಭಾರ ತಾಳದವನು ಹೆದೆಯನ್ನು ಕೆನ್ನೆಯವರೆಗೆ ತರುವ ಮೊದಲೇ ಬಿಟ್ಟುಬಿಡುತ್ತಾನೆ. ಇದು ಅಭ್ಯಾಸವಾಗಿ ಕೂತರೆ ಬಿಡಿಸುವುದು ಬಹಳ ಕಷ್ಟ. ಇಸ್ತಾಂಬುಲಿನ ಹಳೆಯ ಉಸ್ಮಾನಿ ಬಿಲ್ಲುಗಾರರು ಈ ವಿಷಯದಲ್ಲಿ ನಮಗಿಂತ ತಾಳ್ಮೆಯವರು. ಕಲಿಯುವವನ ಕೈಗೆ ಅವರು ಮೊದಲು ಕೊಡುತ್ತಿದ್ದದ್ದು ‘ಕೆಪಾಝೆ’ ಎಂಬ ಮೆತ್ತನೆಯ ಬಿಲ್ಲು. ಬಾಣವಿಲ್ಲದೆ ಅದನ್ನು ಮತ್ತೆ ಮತ್ತೆ ಎಳೆದು, ಮೆಲ್ಲಗೆ ಹಿಂದಕ್ಕೆ ತಂದು ಮೈಯನ್ನು ಹದಮಾಡಿಕೊಳ್ಳಬೇಕಿತ್ತು. ಹಾಗೆ ಎಳೆದ ಹೆದೆಯನ್ನು ಬಾಣವಿಲ್ಲದೆ ಹಾಗೆಯೇ ಬಿಟ್ಟರೆ ಮಾತ್ರ ಯಾವ ಬಿಲ್ಲೂ ಮುರಿದೀತು.

ದೊಡ್ಡವರು ಕಲಿಯಲು 30ರಿಂದ 35 ಪೌಂಡ್, ಸಣ್ಣ ಮೈಕಟ್ಟಿನವರು 25 ಪೌಂಡ್ ಸಾಕು. ಬಿಳಿಬಾಲದ ಜಿಂಕೆಯ ಬೇಟೆಗೆ 40ರಿಂದ 45 ಪೌಂಡ್ ಧಾರಾಳ. ಕನಿಷ್ಠ ಭಾರದ ಬಗ್ಗೆ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ವಿಸ್ಕಾನ್ಸಿನ್‌ನಲ್ಲಿ 30, ಒಹಾಯೊದಲ್ಲಿ 40. ಕಲಿಯಲು ಒಂದು, ಬೇಟೆಗೆ ಒಂದು ಎಂದು ಎರಡು ಬಿಲ್ಲು ಕೊಳ್ಳಬೇಕೇ ಎಂದರೆ ಬೇಡ. ಬಿಚ್ಚಿ ಜೋಡಿಸುವ ರಿಕರ್ವ್ ಸಿಗುತ್ತದೆ. ಅದರ ನಡುವಿನ ಹಿಡಿ ಹಾಗೆಯೇ ಇರುತ್ತದೆ, ಮೇಲಿನ ಕೆಳಗಿನ ತೋಳುಗಳನ್ನು ಮಾತ್ರ ಬದಲಿಸಬಹುದು. ಈ ವರ್ಷ 30ರ ತೋಳು, ಕೈ ಪಳಗಿದ ಮೇಲೆ 40ರದ್ದು. ಮೊದಲ ಬಿಲ್ಲಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ. ಉದ್ದ 60ರಿಂದ 62 ಇಂಚು ಇರಲಿ. ಅದಕ್ಕಿಂತ ತೀರಾ ಗಿಡ್ಡವಾದರೆ ಹೆದೆ ಬೆರಳುಗಳನ್ನು ಹಿಂಡುತ್ತದೆ.

40 ಪೌಂಡ್‌ನಿಂದ ಜಿಂಕೆ ಸಾಯುತ್ತದೆಯೇ ಎಂದು ಕೇಳುವವರಿದ್ದಾರೆ. ಬಾಣ ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ. ಹರಿತವಾದ ಅಲಗು ಶ್ವಾಸಕೋಶ ಮತ್ತು ರಕ್ತನಾಳಗಳನ್ನು ಕತ್ತರಿಸಿ, ರಕ್ತ ಹರಿದು ಪ್ರಾಣ ಹೋಗುತ್ತದೆ. ಇಲ್ಲಿ ನಮ್ಮ ಶರೀಅತ್ತಿನ ಮಾತೂ ಬೇಟೆಗಾರರ ಅನುಭವವೂ ಒಂದೇ ಕಡೆ ಬಂದು ನಿಲ್ಲುತ್ತವೆ. ತಯ್ಯ್ ಗೋತ್ರದ ಅದಿಯ್ಯ್ ಬಿನ್ ಹಾತಿಮ್(ರ) ಅವರು ಮಿಅ್‌ರಾದ್ ಎಂಬ ಬೇಟೆಯ ಕೋಲಿನ ಬಗ್ಗೆ ಪ್ರವಾದಿ(ಸ)ರಲ್ಲಿ ಕೇಳಿದ್ದು ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಮೊನೆ ಚುಚ್ಚಿ ಸತ್ತದ್ದನ್ನು ತಿನ್ನಬಹುದು, ಅಡ್ಡಲಾಗಿ ಬಡಿದು ಸತ್ತದ್ದನ್ನು ತಿನ್ನಬಾರದು ಎಂಬುದು ಸಿಕ್ಕ ಉತ್ತರದ ಸಾರ. ಪೆಟ್ಟಿನಿಂದ ಸತ್ತದ್ದು ಅಲ್‌ಮಾಇದ ಅಧ್ಯಾಯದ 3ನೇ ಸೂಕ್ತದಲ್ಲಿ ಹೇಳಲಾದ ನಿಷಿದ್ಧಗಳ ಪಟ್ಟಿಗೆ ಸೇರುತ್ತದೆ. ಅಂದಮೇಲೆ ಮೊಂಡು ಅಲಗನ್ನು ಕಾಡಿಗೆ ಒಯ್ಯುವಂತಿಲ್ಲ. ಎರಡು ಬಾಯಿಯ ಗಟ್ಟಿ ಅಲಗು ಕೊಂಡು, ತೋಳಿನ ಕೂದಲು ಬೋಳಿಸುವಷ್ಟು ಸಾಣೆ ಹಿಡಿಯಬೇಕು. ಬಾಣಕ್ಕೆ ಭಾರವೂ ಬೇಕು. ಬಿಲ್ಲಿನ ಒಂದು ಪೌಂಡಿಗೆ ಹತ್ತು ಗ್ರೇನ್ ಎಂಬುದು ರೂಢಿಯ ಲೆಕ್ಕ. 40 ಪೌಂಡ್ ಬಿಲ್ಲಿಗೆ 400 ಗ್ರೇನ್, ಅಂದರೆ ಸುಮಾರು 26 ಗ್ರಾಂ. ಹಗುರ ಬಾಣ ಹಾಕಿದರೆ ವೇಗ ಒಂದಿಷ್ಟು ಹೆಚ್ಚಬಹುದು. ಆದರೆ ಒಳಹೊಗುವ ಬಲ ಕಡಿಮೆ, ಬಿಲ್ಲಿನ ಸದ್ದು ಹೆಚ್ಚು, ತೋಳುಗಳಿಗೂ ಹಾನಿ.

ಬಿಸ್ಮಿಲ್ಲಾಹ್ ಹೇಳಬೇಕಾದ್ದು ಬಾಣ ಬಿಡುವಾಗ. ಜೀವವಿರುವಾಗಲೇ ಕೈಗೆ ಸಿಕ್ಕರೆ ಝಬಹ್ ಮಾಡಬೇಕು. ಬಾಣ ತಗುಲಿದ ಮೇಲೆ ಜಿಂಕೆ ಓಡದೆ ಮಲಗಲಿ ಎಂದು ಅಲ್ಲಿನ ಬೇಟೆಗಾರರು ಅರ್ಧ ಗಂಟೆ ಸುಮ್ಮನೆ ಕಾಯುವುದುಂಟು. ಗಾಯಗೊಂಡ ಬೇಟೆಯನ್ನು ಅರಸದೆ ಕೂರುವುದರ ಬಗ್ಗೆ ಫಿಕ್ಹ್‌ನಲ್ಲಿ ಚರ್ಚೆಯಿದೆ. ಹನಫಿಗಳಾಗಲಿ ಶಾಫಿಈಗಳಾಗಲಿ ತಮ್ಮ ವಿದ್ವಾಂಸರಲ್ಲಿ ಇದನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಲೇಸು. ಬಾಣ ಸರಿಯಾದ ಜಾಗಕ್ಕೆ ಬಿದ್ದರೆ ಈ ಪ್ರಶ್ನೆಯೇ ಏಳುವುದು ಕಡಿಮೆ. ಎರಡೂ ಶ್ವಾಸಕೋಶ ಸೀಳಿದ ಜಿಂಕೆ ಬಹಳ ದೂರ ಹೋಗುವುದಿಲ್ಲ. ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ ನರಳುತ್ತದೆ, ಕೈಗೂ ಸಿಗದೆ ಹೋಗಬಹುದು. ತಾಳಲಾಗದ ಭಾರದ ಬಿಲ್ಲು ಹಿಡಿದವನ ಬಾಣ ಹೊಟ್ಟೆಯ ಕಡೆಗೆ ಸರಿಯುವ ಸಂಭವವೇ ಹೆಚ್ಚು.

ದೂರದ ಲೆಕ್ಕವನ್ನೂ ನೋಡಿ. ಇಂಥ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 170 ಅಡಿ ಹೋಗುತ್ತದೆ. ಜಿಂಕೆ 20 ಗಜ, ಅಂದರೆ 60 ಅಡಿ ದೂರದಲ್ಲಿದ್ದರೆ ತಲುಪಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಹೆದೆಯ ಸದ್ದು ಅದಕ್ಕಿಂತ ಎಷ್ಟೋ ಮೊದಲು ಅದರ ಕಿವಿಗೆ ಬಿದ್ದಿರುತ್ತದೆ. ಅಷ್ಟರಲ್ಲಿ ಅದು ಮೈ ತಗ್ಗಿಸಿ ನೆಗೆಯಲು ಅಣಿಯಾಗುತ್ತದೆ. ಆದ್ದರಿಂದ 15 ಗಜದೊಳಗೆ ಬರುವವರೆಗೆ ಕಾಯುವುದೇ ಸರಿ. ಅಭ್ಯಾಸಕ್ಕೆ ಎಂಟು ಇಂಚಿನ ಕಾಗದದ ತಟ್ಟೆ ಇಡಿ. ಜಿಂಕೆಯ ಮರ್ಮಸ್ಥಾನ ಹೆಚ್ಚುಕಡಿಮೆ ಅಷ್ಟೇ ಇದೆ. ಐವತ್ತು ಬಾಣ ಬಿಟ್ಟು ಮೈ ಬಿಸಿಯಾದ ಮೇಲಿನ ಗುರಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಚಳಿಯ ಬೆಳಗ್ಗೆ, ದಪ್ಪ ಕೋಟು ತೊಟ್ಟು, ಒಂದು ಗಂಟೆ ಅಲುಗಾಡದೆ ಕೂತು ಎದ್ದು ಬಿಟ್ಟ ಮೊದಲ ಬಾಣ ತಟ್ಟೆಗೆ ಬೀಳಬೇಕು. ಹಾಗೆ ದಿನ ಬಿಟ್ಟು ದಿನ ಬೀಳುವವರೆಗೆ ಪರವಾನಗಿಯ ಹಣ ಉಳಿಸಿಕೊಳ್ಳಿ.

ಹಳೆಯ ಬಿಲ್ಲು ಅಗ್ಗಕ್ಕೆ ಸಿಗುತ್ತದೆ, ಕೊಳ್ಳಬಹುದು. ತುದಿಯಿಂದ ಉದ್ದಕ್ಕೆ ಕಣ್ಣು ಹಾಯಿಸಿ ತೋಳು ತಿರುಚಿದೆಯೇ, ಪದರ ಬಿಟ್ಟಿದೆಯೇ, ಬಿರುಕಿದೆಯೇ ನೋಡಿ. ಹಳೆಯದಕ್ಕೆ ಡಕ್ರಾನ್ ಹೆದೆಯೇ ಆಗಬೇಕು. ಈಗಿನ ಹಿಗ್ಗದ ನೂಲಿನ ಹೆದೆ ಅದರ ತುದಿಗಳನ್ನು ಸೀಳುತ್ತದೆ. ಹೆದೆಯೇರಿಸುವಾಗ ಬಿಲ್ಲನ್ನು ಕಾಲಿನ ನಡುವೆ ಸಿಕ್ಕಿಸಿ ಬಗ್ಗಿಸಬೇಡಿ, ತೋಳು ತಿರುಚಿಕೊಳ್ಳುತ್ತದೆ. ಅದಕ್ಕೆಂದೇ ಇರುವ ಹಗ್ಗ ಬಳಸಿ.

ಇದ್ದ ಹಣವನ್ನೆಲ್ಲ ಬಿಲ್ಲಿಗೇ ಸುರಿಯಬೇಡಿ. ಆ ಹಗ್ಗ, ಬೆರಳಿಗೆ ಚರ್ಮದ ಕವಚ, ಮುಂಗೈ ಪಟ್ಟಿ, ಬಿಲ್ಲಿಗೆ ಹೊಂದುವ ಬಿಗುವಿನ ಬಾಣಗಳು ಬೇಕು. ಜೊತೆಗೆ ಎರಡು ಒಳ್ಳೆಯ ಕತ್ತಿಗಳೂ ಇರಲಿ. ಜಿಂಕೆಯ ಮಾಂಸದಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಅಲ್ಲಿನ ಮಾಂಸ ಕತ್ತರಿಸುವ ಅಂಗಡಿಗಳಲ್ಲಿ ಕೈಮಾ, ಸಾಸೇಜ್‌ಗಳಿಗೆ ಹಂದಿಯ ಕೊಬ್ಬು ಬೆರೆಸುವುದು ಸಾಮಾನ್ಯ. ಅದೇ ಯಂತ್ರದಲ್ಲಿ ನಿಮ್ಮದೂ ಅರೆಯಲ್ಪಡುತ್ತದೆ. ತುಂಡು ಮಾಡುವುದನ್ನು ಮನೆಯಲ್ಲೇ ಕಲಿತರೆ ಆ ಸಂಶಯವಿಲ್ಲ.