ಚೀಟಿಯಲ್ಲಿ ಮೊದಲು ನಿಮ್ಮ ಸಂಖ್ಯೆ ನೋಡಿ

ಅಕ್ಕಂದಿರೇ, ಡೇರಿಯಲ್ಲಿ ಹಾಲು ಹಾಕಿ ಚೀಟಿ ಪಡೆದ ಕೂಡಲೇ ನಾವು ನೋಡುವುದು ಹಣ ಎಷ್ಟು ಎಂದು. ಅದಕ್ಕೂ ಮೊದಲು ನೋಡಬೇಕಾದದ್ದು ಸದಸ್ಯರ ಸಂಖ್ಯೆ. ಯಾಕೆಂದು ತಿಳಿಯೋಣ.

ಕಂಪ್ಯೂಟರ್ ಲೆಕ್ಕ ನಡೆಯುವುದು ಎರಡು ನಮೂನೆಗಳಲ್ಲಿ. ಒಂದು, ಡೇರಿಯಿಂದ ಹೋಗುವ ಕೋರಿಕೆ. ಅದರಲ್ಲಿ ಸದಸ್ಯರ ಸಂಖ್ಯೆ, ದಿನಾಂಕ, ಬೆಳಿಗ್ಗೆ ಅಥವಾ ಸಂಜೆ, ಲೀಟರ್, ಜಿಡ್ಡು, ಎಸ್‌ಎನ್‌ಎಫ್ ಎಂಬ ಖಾನೆಗಳಿರುತ್ತವೆ. ಇನ್ನೊಂದು, ತಿರುಗಿ ಬರುವ ಉತ್ತರ. ಅದರಲ್ಲಿ ದರ ಮತ್ತು ಮೊತ್ತ ಇರುತ್ತದೆ. ಕೆಲಸ ಆಗದಿದ್ದರೆ ಕಾರಣ ಇರುತ್ತದೆ. ಯಾವ ಖಾನೆಯಲ್ಲಿ ಅಂಕಿ, ಯಾವುದರಲ್ಲಿ ಅಕ್ಷರ, ಎಷ್ಟು ಅಂಕಿ ಎಂಬುದೆಲ್ಲ ತಂತ್ರಾಂಶದಲ್ಲಿ ಮೊದಲೇ ಗೊತ್ತುಮಾಡಿದ್ದು.

ಹರದನಹಳ್ಳಿ ಸುತ್ತಮುತ್ತ ಮಹದೇವಮ್ಮ ಎಂದು ಕೂಗಿದರೆ ಎಷ್ಟು ಮಂದಿ ತಿರುಗಿ ನೋಡುತ್ತಾರೋ! ಅದಕ್ಕೇ ಕಂಪ್ಯೂಟರ್ ಹೆಸರು ನಂಬುವುದಿಲ್ಲ, ಸಂಖ್ಯೆ ನಂಬುತ್ತದೆ.

ಆಧಾರ್‌ನ 12 ಅಂಕಿಗಳಲ್ಲಿ ಒಂದು ಬಿಟ್ಟುಹೋದರೆ ಖಾನೆ ತುಂಬುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ನಿಮ್ಮ ಸಂಖ್ಯೆ 47 ಇದ್ದು, ಅವಸರದಲ್ಲಿ 74 ಎಂದು ಒತ್ತಿದರೆ? 74 ಕೂಡ ಒಬ್ಬ ಸದಸ್ಯರದೇ. ಕಂಪ್ಯೂಟರ್ ತಕರಾರಿಲ್ಲದೆ ಒಪ್ಪುತ್ತದೆ. ಹಾಲು ನಿಮ್ಮದು, ಲೆಕ್ಕ ಅವರದು. ಖಾನೆ ಸರಿಯಾಗಿ ತುಂಬಿದೆಯೇ ಎಂದು ಯಂತ್ರ ನೋಡುತ್ತದೆ. ತುಂಬಿದ್ದು ನಿಜವೇ ಎಂದು ನೋಡಬೇಕಾದವರು ನೀವೇ.

ನಷ್ಟ ಹಾಲಿನ ದರದಲ್ಲಷ್ಟೇ ಅಲ್ಲ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಎಂದರೆ, 8.5 ಲೀಟರಿಗೆ 42 ರೂಪಾಯಿ 50 ಪೈಸೆ. ಅದೂ ಇದೇ ಲೆಕ್ಕದ ಮೇಲೆ ಬರುವುದು.

ಪ್ರೋತ್ಸಾಹಧನ ಬಂದಿಲ್ಲವೆಂದರೆ ‘ಬಂದಿಲ್ಲ’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಉತ್ತರದಲ್ಲಿ ಯಾವ ಕಾರಣ ಬಂದಿದೆ ಎಂದು ಕಾರ್ಯದರ್ಶಿಯವರನ್ನು ಕೇಳಿ. ಖಾತೆಗೆ ಆಧಾರ್ ಜೋಡಣೆಯಾಗಿಲ್ಲ ಎಂದಿದ್ದರೆ ಹೋಗಬೇಕಾದದ್ದು ಬ್ಯಾಂಕಿಗೆ. ಸಂಖ್ಯೆ ಅಥವಾ ಲೀಟರ್ ತಪ್ಪಿದ್ದರೆ ಸಂಘದಲ್ಲೇ ಸರಿಪಡಿಸಬೇಕು. ಈಚೆಗೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲಿ ಆಧಾರ್ ಜೋಡಿಸಿದ್ದರೆ, ಆ ಪಾಸ್‌ಬುಕ್ಕನ್ನೂ ಒಮ್ಮೆ ನೋಡಿ. ಆಧಾರ್ ಮೂಲಕ ಬರುವ ಹಣ ಕೊನೆಯಲ್ಲಿ ಜೋಡಿಸಿದ ಖಾತೆಗೇ ಹೋಗುತ್ತದೆ.

ಇಂದು ಸಂಜೆ ಕ್ಯಾನು ಎತ್ತಿಕೊಳ್ಳುವ ಮೊದಲು ಚೀಟಿ ಓದಿ: ಸಂಖ್ಯೆ, ಲೀಟರ್, ಜಿಡ್ಡು, ಎಸ್‌ಎನ್‌ಎಫ್, ದರ, ಮೊತ್ತ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಬಟವಾಡೆ ಆಗುವವರೆಗೂ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.