ಹೆಸರೊಂದು, ಹೂರಣವೊಂದು

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದವರೇ. ಆದರೆ ಗಾದೆಯನ್ನು ಕೇಳುವುದು ಬೇರೆ, ಅದರ ಅರ್ಥವನ್ನು ಅನುಭವಿಸುವುದು ಬೇರೆ. ಕಳೆದ ವರ್ಷ ಕಂಪ್ಯೂಟರಿನ ಮುಂದೆ ಕುಳಿತು ನಾನು ಅದರ ಅರ್ಥವನ್ನು ಅರಿತೆ. ಅದಕ್ಕೆ ಬೆಲೆ ತೆತ್ತವನು ಮಾತ್ರ ನಾನಲ್ಲ, ನನ್ನ ಕೋಣೆಯ ಗೆಳೆಯ.

ಪ್ರಬಂಧವೊಂದನ್ನು ಬರೆಯಲು ನನಗೆ ಕಿಟ್ಟೆಲ್ಲರ ನಿಘಂಟು ಬೇಕಾಗಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಗ್ರಂಥದ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಅದನ್ನು ಪಡೆಯುವುದರಲ್ಲಿ ತಪ್ಪೇನೂ ಇರಲಿಲ್ಲ. ಹಂಚಿಕೆಯ ಜಾಲವೊಂದರಲ್ಲಿ ಹುಡುಕಿದೆ. ಕೇಳಿದ ಹೆಸರಿನದೇ ಫೈಲು ಸಿಕ್ಕಿತು, ನಿಮಿಷದೊಳಗೆ ಇಳಿದೂ ಬಂದಿತು. ಎರಡು ಬಾರಿ ಒತ್ತಿದೆ, ಏನೂ ತೆರೆಯಲಿಲ್ಲ. ಗೆಳೆಯನನ್ನು ಕರೆದು, "ನನ್ನದರಲ್ಲಿ ತೆರೆಯುತ್ತಿಲ್ಲ, ನಿನ್ನದರಲ್ಲಿ ತೆರೆದೀತೇನೋ ನೋಡು" ಎಂದು ಕೊಟ್ಟೆ. ಅಲ್ಲಿಯೂ ತೆರೆಯಲಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ಇಬ್ಬರ ಫೈಲುಗಳಿಗೂ ಬೀಗ ಬಿದ್ದಿತ್ತು. ಬಿಡಿಸಲು ಹಣ ಕೊಡಬೇಕೆಂಬ ಬೆದರಿಕೆಯೊಂದು ತೆರೆಯ ಮೇಲಿತ್ತು. ನನ್ನಲ್ಲಿದ್ದುದು ಮತ್ತೆ ಬರೆಯಬಹುದಾದ ಟಿಪ್ಪಣಿಗಳು. ಅವನಲ್ಲಿದ್ದುದು ಅವನ ಅಜ್ಜಿ ಹಾಡಿದ ಬೀಸುವ ಕಲ್ಲಿನ ಪದಗಳ ಧ್ವನಿಮುದ್ರಣ. ಆ ಅಜ್ಜಿ ತೀರಿಕೊಂಡು ಆರು ತಿಂಗಳಾಗಿತ್ತು.

ಈ ಘಟನೆಯ ನಂತರ, ಇಂತಹ ಫೈಲುಗಳು ಎಲ್ಲಿಂದ ಬರುತ್ತವೆ, ಅವನ್ನು ಗುರುತಿಸುವ ಬಗೆ ಹೇಗೆ ಎಂಬುದನ್ನು ತಿಳಿಯಬೇಕೆಂಬ ಹಟ ನನ್ನಲ್ಲಿ ಹುಟ್ಟಿತು. ತಿಳಿದುಕೊಂಡುದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಹಂಚಿಕೆಯ ಜಾಲವೆಂದರೇನು? ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯನ್ನು ನೆನೆದರೆ ಸಾಕು. ಇಂದು ನಾನು ನಿನ್ನ ಹೊಲದಲ್ಲಿ, ನಾಳೆ ನೀನು ನನ್ನ ಹೊಲದಲ್ಲಿ, ನಡುವೆ ದಣಿಯಿಲ್ಲ. ಹಾಗೆಯೇ ಇಲ್ಲಿ ಅಂಗಡಿಯೆಂಬುದಿಲ್ಲ. ಪಡೆಯುವವನೇ ಕೊಡುವವನೂ ಹೌದು. ಅಮೆರಿಕದ ವಿದ್ಯಾರ್ಥಿಯಾಗಿದ್ದ ಶಾನ್ ಫ್ಯಾನಿಂಗ್ 1999ರಲ್ಲಿ ಹೊರತಂದ ನ್ಯಾಪ್‌ಸ್ಟರ್ ಇದನ್ನು ಜನಪ್ರಿಯಗೊಳಿಸಿತು. ನ್ಯಾಯಾಲಯದ ವ್ಯಾಜ್ಯದಿಂದ ಅದು 2001ರಲ್ಲಿ ನಿಂತಿತಾದರೂ ಗ್ನುಟೆಲ್ಲಾ, ಕಜಾ ಮೊದಲಾದವು ಬಂದವು. 2001ರಲ್ಲಿಯೇ ಬ್ರಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟ್ ಇಂದಿಗೂ ಬಳಕೆಯಲ್ಲಿದೆ.

ದಣಿಯಿಲ್ಲದ ಕಡೆ ತನಿಖೆ ಮಾಡುವವನೂ ಇಲ್ಲ. ಆದುದರಿಂದ ಹುಸಿ ಫೈಲುಗಳನ್ನು ಹರಡುವವರು ಹುಟ್ಟಿಕೊಂಡರು. ಇವರಲ್ಲಿ ಮೂರು ಬಗೆ.

ಮೊದಲನೆಯವರು, ತಮ್ಮ ಹಾಡು ಚಿತ್ರಗಳನ್ನು ಪುಕ್ಕಟೆ ಹಂಚುವುದನ್ನು ತಡೆಯಲು ಹೊರಟವರು. ಓವರ್‌ಪಿಯರ್, ಮೀಡಿಯಾಡಿಫೆಂಡರ್ ಎಂಬ ಕಂಪೆನಿಗಳು ಇದನ್ನೇ ಕಸುಬಾಗಿ ಮಾಡಿಕೊಂಡು ಜಾಲಗಳಲ್ಲಿ ಹುಸಿ ಪ್ರತಿಗಳನ್ನು ಸುರಿದವು. 2003ರಲ್ಲಿ ಗಾಯಕಿ ಮಡೊನಾಳ ಹೊಸ ಗೀತೆಗಳ ಹೆಸರಿನ ಫೈಲುಗಳನ್ನು ಇಳಿಸಿಕೊಂಡವರಿಗೆ ಕೇಳಿಸಿದ್ದು ಹಾಡಲ್ಲ, ಆಕೆಯದೇ ದನಿಯ ಬೈಗುಳ! ಎರಡನೆಯವರು, ನನ್ನನ್ನು ಕೆಡವಿದಂಥ ದುಷ್ಕರ್ಮಿಗಳು. 2001ರಲ್ಲಿ ಗ್ನುಟೆಲ್ಲಾದಲ್ಲಿ ಹರಡಿದ ಮ್ಯಾಂಡ್ರಗೋರ್ ಎಂಬ ಹುಳು ಯಾರು ಏನನ್ನು ಹುಡುಕಿದರೂ ಅದೇ ಹೆಸರನ್ನು ತಳೆದು "ನಾನಿದ್ದೇನೆ" ಎನ್ನುತ್ತಿತ್ತು. ಕೇಳಿದ ಹೆಸರೇ ಸಿಕ್ಕಿತೆಂದು ನಾನು ಹಿಗ್ಗಿದೆನಲ್ಲ, ಆ ಹಿಗ್ಗಿಗೆ ಆಧಾರವೇ ಇರಲಿಲ್ಲ.

ಮೂರನೆಯವರು ಯಾರು? ನಾವೇ. ಇಳಿದು ಬಂದುದನ್ನು ಪರೀಕ್ಷಿಸದೆ ಹಾಗೆಯೇ ಬಿಟ್ಟರೆ, ನಮ್ಮ ಕಂಪ್ಯೂಟರು ಅದನ್ನು ಇತರರಿಗೆ ಹಂಚುತ್ತಲೇ ಇರುತ್ತದೆ. ಅಮೆರಿಕದ ಸಂಶೋಧಕರು ಕಜಾ ಜಾಲವನ್ನು ಶೋಧಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ಜನಪ್ರಿಯ ಗೀತೆಗಳ ಪ್ರತಿಗಳಲ್ಲಿ ಅರ್ಧಕ್ಕೂ ಹೆಚ್ಚು ಕೆಟ್ಟವೆಂದು ಕಂಡುಬಂದಿತು. ಕೆಡಿಸಿದವರು ಕೆಲವರು, ಹರಡಿದವರು ಹಲವರು.

ಇನ್ನು ಗುರುತಿಸುವ ಬಗೆಯನ್ನು ನೋಡೋಣ. ಮೊದಲು ಗಾತ್ರ. ಸೆಕೆಂಡಿಗೆ 128 ಕಿಲೋಬಿಟ್‌ನ ಹಾಡು ಮೂರು ನಿಮಿಷಕ್ಕೆ ಸುಮಾರು 2.9 ಮೆಗಾಬೈಟ್ ಆಗುತ್ತದೆ. ಇದು ಬರಿಯ ಗುಣಾಕಾರದ ಲೆಕ್ಕ. ಹೀಗಿರುವಾಗ ಎರಡು ಗಂಟೆಯ ಚಲನಚಿತ್ರ ಐದು ಮೆಗಾಬೈಟಿನಲ್ಲಿ ಹೇಗೆ ಅಡಗೀತು? ಕಿಟ್ಟೆಲ್ ನಿಘಂಟಿಗೆ ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳಿವೆ. ನನಗೆ ಸಿಕ್ಕ ಫೈಲು ಎರಡು ಮೆಗಾಬೈಟನ್ನೂ ಮುಟ್ಟಿರಲಿಲ್ಲ. ಅಷ್ಟು ಪುಟಗಳ ಚಿತ್ರಗಳು ಅಷ್ಟರಲ್ಲಿ ಹಿಡಿಸವೆಂದು ಕ್ಷಣಕಾಲ ಯೋಚಿಸಿದ್ದರೆ ಸಾಕಾಗಿತ್ತು.

ಎರಡನೆಯದು ಹೆಸರಿನ ಬಾಲ. ವಿಂಡೋಸ್ ತನಗೆ ಪರಿಚಿತವಾದ ಬಾಲಗಳನ್ನು ತಾನಾಗಿಯೇ ಮರೆಮಾಡುತ್ತದೆ. ಆದುದರಿಂದ "ನಿಘಂಟು.ಪಿಡಿಎಫ್.ಇಎಕ್ಸ್‌ಇ" ಎಂಬುದು "ನಿಘಂಟು.ಪಿಡಿಎಫ್" ಎಂದಷ್ಟೇ ಕಾಣುತ್ತದೆ. ಪಿಡಿಎಫ್ ಓದುವ ಪುಸ್ತಕ. ಇಎಕ್ಸ್‌ಇ ಓಡುವ ಯಂತ್ರ. ಬಾಲ ಕಾಣುವಂತೆ ಮಾಡುವ ಆಯ್ಕೆಯನ್ನು ಇಂದೇ ಬದಲಿಸಿಕೊಳ್ಳಿರಿ. ಹಾಡು ಕೇಳಲು ಮೊದಲು ಇನ್ನೊಂದು ತಂತ್ರಾಂಶವನ್ನು ಹಾಕಿಕೊಳ್ಳಬೇಕೆಂದರೂ, ಗಂಟನ್ನು ಬಿಚ್ಚುವ ಗುಪ್ತಪದ ಬೇರೊಂದು ತಾಣದಲ್ಲಿದೆಯೆಂದರೂ ಅಲ್ಲಿಗೇ ಕೈಬಿಡುವುದು ಲೇಸು.

"ನೂರಾರು ಜನರ ಬಳಿ ಇದೆಯಲ್ಲ" ಎಂಬ ವಾದವೂ ಉಂಟು. ಕೊಡುವವರ ಸಂಖ್ಯೆಯನ್ನು ಕೃತಕವಾಗಿ ತೋರಿಸಬಹುದು. ನಿಜವೇ ಆಗಿದ್ದರೂ ಅವರೆಲ್ಲ ನನ್ನಂತೆಯೇ ಪರೀಕ್ಷಿಸದೆ ಇಟ್ಟುಕೊಂಡವರಾಗಿರಬಹುದು.

ಹಾಗಾದರೆ ನಂಬಿಕೆಗೆ ಆಧಾರವೇನು? ಹ್ಯಾಷ್ ಎಂಬ ಗುರುತು. ಇದು ಫೈಲಿನ ಹೆಬ್ಬೆಟ್ಟಿನ ಮುದ್ರೆ. ಎಸ್‌ಎಚ್‌ಎ-256 ಎಂಬ ಗಣಿತವಿಧಾನವು ಎಷ್ಟೇ ದೊಡ್ಡ ಫೈಲನ್ನಾದರೂ ಓದಿ 64 ಅಕ್ಷರಾಂಕಗಳ ಒಂದು ಸಾಲನ್ನು ಕೊಡುತ್ತದೆ. ಫೈಲಿನಲ್ಲಿ ಒಂದು ಬಿಂದು ಬದಲಾದರೂ ಆ ಸಾಲು ಗುರುತು ಸಿಗದಂತೆ ಬದಲಾಗುತ್ತದೆ. ವಿಂಡೋಸಿನಲ್ಲಿರುವ ಸರ್ಟ್‌ಯುಟಿಲ್ ಎಂಬ ಆಜ್ಞೆಯಿಂದ ಇದನ್ನು ಯಾರಾದರೂ ಲೆಕ್ಕಹಾಕಬಹುದು.

ಆದರೆ ಮುದ್ರೆಯನ್ನು ಇಡೀ ಫೈಲಿನಿಂದ ತೆಗೆಯಬೇಕು. ಸಂತೆಯಲ್ಲಿ ಅಕ್ಕಿಯ ಮೂಟೆಯ ಬಾಯನ್ನಷ್ಟೇ ನೋಡಿ ಕೊಳ್ಳುವವನಿಗೆ ಮನೆಯಲ್ಲಿ ಕಲ್ಲು ಸಿಗುತ್ತದೆ. ಕಜಾ ಮಾಡಿದ್ದು ಇದನ್ನೇ. ಬೇಗ ಮುಗಿಯಲೆಂದು ಅದು ಫೈಲಿನ ಮೊದಲ 300 ಕಿಲೋಬೈಟನ್ನೂ, ಬಳಿಕ ದೂರದೂರದ ಕೆಲವು ತುಣುಕುಗಳನ್ನೂ ಮಾತ್ರ ನೋಡಿ ಮುದ್ರೆಯೊತ್ತುತ್ತಿತ್ತು. ನಡುವಿನ ಭಾಗವನ್ನು ಕೆಡಿಸಿದರೂ ಮುದ್ರೆ ಬದಲಾಗುತ್ತಿರಲಿಲ್ಲ. ಬಿಟ್‌ಟೊರೆಂಟ್ ಹಾಗಲ್ಲ, ಫೈಲನ್ನು ತುಂಡುಗಳಾಗಿ ಮಾಡಿ ಪ್ರತಿಯೊಂದು ತುಂಡನ್ನೂ ಪರೀಕ್ಷಿಸಿ, ಹೊಂದದುದನ್ನು ಎಸೆದುಬಿಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಟೊರೆಂಟಿನಲ್ಲಿ ಹೇಳಿದ್ದೇ ಬಂದಿದೆಯೆಂದು ಮುದ್ರೆ ಸಾರುತ್ತದೆಯೇ ಹೊರತು, ಹೇಳಿದವನು ಸತ್ಯವಂತನೆಂದು ಸಾರುವುದಿಲ್ಲ. ಕಳ್ಳನೇ ಕಟ್ಟಿದ ಟೊರೆಂಟು ಕಳ್ಳಮಾಲನ್ನು ಚಾಚೂ ತಪ್ಪದೆ ಮನೆಗೆ ತಲುಪಿಸುತ್ತದೆ! ಆದುದರಿಂದ ಮುದ್ರೆ ಎಲ್ಲಿಂದ ಬಂತೆಂಬುದೇ ಮುಖ್ಯ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಸಂಸ್ಥೆಯ ತಾಣಕ್ಕೆ ಕನ್ನ ಹಾಕಿದವರು ಅಲ್ಲಿಯ ಕೊಂಡಿಯನ್ನು ತಿರುಚಿ, ಹಿಂಬಾಗಿಲಿದ್ದ ಹುಸಿ ಪ್ರತಿಯತ್ತ ಜನರನ್ನು ಕಳುಹಿಸಿದರು. ತಾಣದ ಕೊಂಡಿಯನ್ನು ನಂಬಿದವರು ಕೆಟ್ಟರು. ಸಂಸ್ಥೆಯ ಟೊರೆಂಟಿನಿಂದ ಪಡೆದವರು ಉಳಿದರು. ದೋಷ ಹಂಚಿಕೆಯಲ್ಲಿಲ್ಲ, ಪರೀಕ್ಷೆಯಿಲ್ಲದ ನಂಬಿಕೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಹೀಗಾಗಿ ಮುದ್ರೆಯನ್ನು ಮೂಲ ಪ್ರಕಾಶಕರಿಂದಲೇ ಪಡೆಯಬೇಕು. ಅವರ ಡಿಜಿಟಲ್ ಸಹಿಯಿದ್ದರೆ ಅದನ್ನೂ ನೋಡಬೇಕು.

ನಾನು ಹುಡುಕಿದ ನಿಘಂಟು ಇಂಟರ್ನೆಟ್ ಆರ್ಕೈವ್ ಎಂಬ ಗ್ರಂಥಭಂಡಾರದಲ್ಲಿ ಉಚಿತವಾಗಿಯೇ ಇತ್ತು. 2012ರಿಂದ ಆ ಸಂಸ್ಥೆ ತಾನೇ ಟೊರೆಂಟುಗಳನ್ನೂ ಒದಗಿಸುತ್ತಿದೆ. ಮೂಲವನ್ನು ಹುಡುಕುವ ಐದು ನಿಮಿಷವನ್ನು ಉಳಿಸಹೋಗಿ ನಾನು ಕಳೆದುದು ಇನ್ನೊಬ್ಬನ ಸೊತ್ತನ್ನು.

ಹಂಚಿಕೆಯ ತಂತ್ರಾಂಶದ ಲೆಕ್ಕವನ್ನು ಆಮೇಲೆ ತೆರೆದು ನೋಡಿದೆ. ಆ ಒಂದು ರಾತ್ರಿಯಲ್ಲಿ ನನ್ನ ಕಂಪ್ಯೂಟರು ಅದೇ ಫೈಲನ್ನು ನಾಲ್ವರಿಗೆ ಕೊಟ್ಟಿತ್ತು. ಅವರು ಯಾರೋ, ಯಾವ ಊರಿನವರೋ, ಅವರ ಬಳಿ ಯಾರ ದನಿ ಇತ್ತೋ ನಾನರಿಯೆ. ಗೆಳೆಯ ನನ್ನನ್ನು ಒಂದು ಮಾತೂ ಆಡಲಿಲ್ಲ. ಈಗ ಅವನು ಊರಿಗೆ ಹೋದಾಗಲೆಲ್ಲ ನೆರೆಯ ಮುದುಕಿಯರಿಂದ ಆ ಪದಗಳನ್ನು ಕೇಳಿ ಬರೆದುಕೊಳ್ಳುತ್ತಾನೆ. ಒಂದು ಪ್ರತಿಯನ್ನು ಕಂಪ್ಯೂಟರಿನಲ್ಲಿಯೂ ಇನ್ನೊಂದನ್ನು ಅದರಿಂದ ಹೊರಗೆ ಪೆಟ್ಟಿಗೆಯಲ್ಲಿಯೂ ಇಡುತ್ತಾನೆ. ಪದಗಳು ಸಿಗುತ್ತಿವೆ, ಅಜ್ಜಿಯ ದನಿ ಸಿಗುವುದಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ಹಿರಿಯರು ಹೇಳಿದ್ದಾರೆ. ಪಡೆಯುವಾಗ ಈ ಮಾತು ನಮ್ಮ ಹಿತಕ್ಕೆ. ಹಂಚುವಾಗ ಅದು ನಾವು ಇತರರಿಗೆ ಸಲ್ಲಿಸಬೇಕಾದ ಋಣ.